ಡಾಂಬರ್ ಗುಳಿಗೆಯ ಇಂದುಮತಿ ಮೇಡಂ

ಇಂದುಮತಿ ಮೇಡಂ ತರಗತಿಗೆ ಬರುವ ಮೊದಲೇ ಅವರ ವಾಸನೆ ಬರುತ್ತಿತ್ತು. ಟ್ರಂಕಿನಿಂದ ಆಗಷ್ಟೇ ತೆಗೆದ ಮದುವೆ ಸೀರೆಯ ವಾಸನೆ. ಉಡುತ್ತಿದ್ದದ್ದು ಮಾತ್ರ ಸಾದಾ ವಾಯಿಲ್ ಸೀರೆ. ಹಿರೇಕೆರೂರಿನ ಬಾಡಿಗೆ ಮನೆಯಲ್ಲಿ ಅವರು ಬಟ್ಟೆಗಿಡುವ ಡಾಂಬರ್ ಗುಳಿಗೆಗಳನ್ನು ಕರಗಿಸಿ, ಶುದ್ಧ ಮಾಡಿ, ನಿಧಾನವಾಗಿ ತಣಿಸಿ ಗಾಜಿನಂಥ ಹರಳು ಬೆಳೆಸುತ್ತಿದ್ದರು.

“ಮನ್ಯಾಗ ಎಷ್ಟ ಟ್ರಂಕ್ ಅದಾವ್ರೀ ಮೇಡಂ?” ಎಂದು ಗುಳಿಗೆ ಮಾರುವ ಅಂಗಡಿಯವನು ಒಮ್ಮೆ ಕೇಳಿದನಂತೆ.

“ಒಂದ ಐತಪ್ಪಾ. ಜಿರಲಿ ಮಾತ್ರ ನಿನ್ನಂಗ ಭಾಳ ವಿಚಾರಣಿ ಮಾಡತಾವ.”

ಅದು ಎಪ್ಪತ್ತರ ದಶಕದ ಕೊನೆ. ಶಿಗ್ಗಾವಿ ಕಡೆಯವರಾದ ಮೇಡಂ ಹಿರೇಕೆರೂರಿನ ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತ, ರಜೆಯಲ್ಲಿ ಧಾರವಾಡಕ್ಕೆ ಹೋಗಿ ಸಂಶೋಧನೆ ಮಾಡುತ್ತಿದ್ದರು. ಇಂಥ ಹರಳುಗಳೊಳಗೆ ಎಲೆಕ್ಟ್ರಾನು ಹೇಗೆ ಸಾಗುತ್ತದೆ ಎಂಬುದು ಅವರ ವಿಷಯ. ತೊಂದರೆಯೆಂದರೆ, ಅದು ಸಾಗುತ್ತಲೇ ಇರಲಿಲ್ಲ. ಈ ಬದಿ ಬಿಟ್ಟದ್ದು ಆ ಬದಿ ತಲುಪುತ್ತಿರಲಿಲ್ಲ. ತಂತಿ ಜೋಡಿಸಿದ್ದೇ ಸರಿಯಿಲ್ಲ ಎಂದು ಅವರ ಮಾರ್ಗದರ್ಶಕರು ಗದರುತ್ತಿದ್ದರು. ತಂತಿ ಸರಿಯಿದೆ, ನಡುವೆ ಏನೋ ಹಿಡಿದುಕೊಳ್ಳುತ್ತಿದೆ ಎಂಬುದು ಮೇಡಂ ಅವರ ಹಟ.

ಅದನ್ನು ನಮಗೆ ತೋರಿಸಲು ಒಂದು ದಿನ ಸವಣೂರಿನ ಕುರುಕಲು ಖಾರದ ಪೊಟ್ಟಣ ತಂದು ಮೊದಲ ಬೆಂಚಿಗೆ ಕೊಟ್ಟು, ಕೈಯಿಂದ ಕೈಗೆ ದಾಟಿಸಲು ಹೇಳಿದರು. ಫಕ್ಕೀರಪ್ಪನ ತನಕ ಬಂದ ಪೊಟ್ಟಣ ಅಲ್ಲೇ ನಿಂತಿತು. ಅವನ ಬಾಯಿ ಆಡುತ್ತಿತ್ತು.

“ನೋಡ್ರಿ, ಟ್ರ್ಯಾಪು ಅಂದ್ರ ಇವನಽ!” ಮೇಡಂ ಹಿಗ್ಗಿ ಕೂಗಿದರು. “ಹರಳಿನ್ಯಾಗ ಬ್ಯಾರೆ ಅಣು ಒಂದ್ ಚೂರ ಕಲತಿದ್ರ ಸಾಕು, ಎಲೆಕ್ಟ್ರಾನಿಗೆ ಅಲ್ಲೇ ಹಾಯ್ ಅನಸ್ತೈತಿ. ಕುಂತ್ ಬಿಡತೈತಿ, ಏಳಂಗಿಲ್ಲ.”

“ಮತ್ತ ಹೆಂಗ ಎಬ್ಬಸೂದ್ರೀ?” ಎಂದೆ ನಾನು.

“ಬಿಸಿ ಮುಟ್ಟಿಸಬೇಕು,” ಎಂದು ಫಕ್ಕೀರಪ್ಪನ ಕಿವಿ ಹಿಂಡಿದರು. ಪೊಟ್ಟಣ ಮುಂದೆ ಸಾಗಿತು. ಖಾರ ಮಾತ್ರ ಇರಲಿಲ್ಲ.

ಹಾನಗಲ್ಲಿನಿಂದ ಮೇಡಂ ಅವರನ್ನು ನೋಡಲು ಬಂದ ವರ ಮೂಗಿಗೆ ಕರವಸ್ತ್ರ ಹಿಡಿದೇ ಕುಳಿತಿದ್ದನಂತೆ. ಓದು ಯಾವಾಗ ಮುಗಿಯುತ್ತದೆ ಎಂದು ಕೇಳಿದವನಿಗೆ ಮೇಡಂ, “ಎಲೆಕ್ಟ್ರಾನ್ ಹೊರಗ ಬಂದ್ ಮ್ಯಾಲೆ” ಎಂದರಂತೆ. ಉಪ್ಪಿಟ್ಟು ತಿಂದು ಹೋದವನು ಮತ್ತೆ ಬರಲಿಲ್ಲ.

ಎಲೆಕ್ಟ್ರಾನು ಬಂತು. ಆ ದಸರಾ ರಜೆಯಲ್ಲಿ ಧಾರವಾಡದಲ್ಲಿ, ಮಂಜುಗಡ್ಡೆಯಲ್ಲಿ ತಣ್ಣಗಿಟ್ಟಿದ್ದ ಹರಳನ್ನು ಮೇಡಂ ಮೆಲ್ಲಗೆ ಕಾಯಿಸುತ್ತ ಹೋದಾಗ, ಸತ್ತಂತೆ ಬಿದ್ದಿದ್ದ ಮೀಟರಿನ ಮುಳ್ಳು ಎದ್ದಿತು. ಒಳಗೆ ಸಿಕ್ಕಿಬಿದ್ದವು ಬಿಡಿಸಿಕೊಂಡು ಹೊರಟಿದ್ದವು. ಮಾರ್ಗದರ್ಶಕರು ಮತ್ತೆ ಮತ್ತೆ ಮಾಡಿಸಿ ನೋಡಿದರು. ಆಮೇಲೆ ತಂತಿಯ ಮಾತೆತ್ತಲಿಲ್ಲ.

ಮೇಡಂಗೆ ಧಾರವಾಡದಲ್ಲೇ ಕೆಲಸ ಸಿಕ್ಕಿತು. ನಮ್ಮ ಪಿ.ಯು.ಸಿ. ಪರೀಕ್ಷೆ ಮುಗಿದ ಮೇಲೆ ಅವರು ಹೊರಟ ದಿನ ಬೀಳ್ಕೊಡಲು ಬಸ್‌ಸ್ಟ್ಯಾಂಡಿಗೆ ಹೋದೆ. ಮುಂದೇನು ಓದುತ್ತಿ ಎಂದರು. ಅಪ್ಪ ಗಂಡು ನೋಡಿದ್ದಾರೆ ಎಂದೆ. ಬಸ್ಸು ಬಂತು, ಹೋಯಿತು. ಮೇಡಂ ಹತ್ತಲಿಲ್ಲ. ಟ್ರಂಕನ್ನು ಚಹಾದಂಗಡಿಯಲ್ಲಿಟ್ಟು ನನ್ನೊಂದಿಗೆ ಮಾಸೂರಿನ ನಮ್ಮ ಮನೆಗೆ ಬಂದರು.

“ಈಕಿ ಬಿ.ಎಸ್ಸಿ. ಮುಗಸೂ ತನಕ ಕಾಯ್ರಿ,” ಎಂದರು ಅಪ್ಪನಿಗೆ.

“ಅಲ್ಲೀ ತನಕ ಗಂಡಿನವರು ಕಾಯತಾರೇನ್ರಿ?”

“ನನ್ನ ನೋಡಾಕ ಬಂದಾಂವ ಕಾಯಲಿಲ್ರಿ. ನಾ ಏನರ ಸೊರಗೇನೇನು?”

ಮೇಡಂ ದಪ್ಪಗಿದ್ದರು. ಎಲ್ಲಿ ನೋಡಬೇಕೆಂದು ತಿಳಿಯದೆ ಅಪ್ಪ, ರೊಟ್ಟಿ ಬಡಿಸು ಎಂದು ಅವ್ವನನ್ನು ಕೂಗಿದರು. ಊಟ ಮುಗಿಯುವ ಹೊತ್ತಿಗೆ ಅಪ್ಪನೇ ಕೇಳಿದರು: “ಧಾರವಾಡದಾಗ ಹಾಸ್ಟೆಲ್ ಸಿಗತೈತೇನ್ರಿ?”

ಜೂನಿನಲ್ಲಿ ನಾನು ಧಾರವಾಡ ಮುಟ್ಟುವಷ್ಟರಲ್ಲಿ ಇನ್ನೊಂದು ಪ್ರಯೋಗಾಲಯದಿಂದ ಕರೆ ಬಂದು ಮೇಡಂ ಪುಣೆಗೆ ಹೋಗಿಬಿಟ್ಟಿದ್ದರು. ಹಾಸ್ಟೆಲ್ಲಿನ ವಾರ್ಡನ್ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಮಾಸೂರಿನ ಹುಡುಗಿ ನೀನ ಏನು? ಕಿಟಕಿ ಕಡೆ ಕಾಟು ಬ್ಯಾರೆ ಯಾರಿಗೂ ಕೊಡಬ್ಯಾಡ್ರಿ ಅಂತ ನಿಮ್ಮ ಮೇಡಂ ದಿನಾ ಬಂದು ಜಗಳಾಡತಿದ್ರವ್ವಾ!”

ನಾನು ಆ ಕಿಟಕಿ ಬದಿಯ ಮಂಚದ ಮೇಲೆ ಹಾಸಿಗೆ ಬಿಚ್ಚಿದೆ. ಮೇಡಂ ಅವರನ್ನು ಮತ್ತೆ ನೋಡಲಿಲ್ಲ.