ಉಡಿಗಾಲದ ಕೆರೆಯ ಕೆಂಪು ಕೊಕ್ಕು

ಶ್ರೀ ಮಹಮ್ಮದ್ ಇಸ್ಮಾಯಿಲ್ ಮೇಷ್ಟರ ಬಗ್ಗೆ ಬರೆಯಲು ನನಗಿಂತ ಓದಿದವರು, ಅವರ ಸರೀಕರು ಬೇಕಾದಷ್ಟು ಮಂದಿ ಇದ್ದಾರೆ. ಹುಡುಗನಾಗಿದ್ದಾಗ ಗುಂಡ್ಲುಪೇಟೆಯಲ್ಲಿ ಹಗಲೆಲ್ಲ ಬಟ್ಟೆ ಅಂಗಡಿಯಲ್ಲಿ ಗಜಕೋಲು ಹಿಡಿದು, ಸಂಜೆ ತರಗತಿಯಲ್ಲಿ ಅವರಿಂದಲೇ ನಾಲ್ಕಕ್ಷರ ಕಲಿತ ನಾನು ಅವರ ಈ ಅಭಿನಂದನ ಸಂಪುಟಕ್ಕೆ ಬರೆಯಹೊರಟದ್ದು ಅಧಿಕಪ್ರಸಂಗವೆನಿಸಿದರೆ ಹಿರಿಯರು ಕ್ಷಮಿಸಬೇಕು. ಒಂದು ಸಂಗತಿಯನ್ನು ಮಾತ್ರ ನಾನಲ್ಲದೆ ಬೇರೆ ಯಾರೂ ಹೇಳುವ ಹಾಗಿಲ್ಲ.

ಗುಂಡ್ಲುಪೇಟೆಯಲ್ಲಿ ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಡ್ರಾಯಿಂಗ್ ಕಲಿಸಿ ಈ ಬೇಸಿಗೆ ನಿವೃತ್ತರಾದ ಮೇಷ್ಟರು, ನಮ್ಮ ಸೀಮೆಯಲ್ಲಿ ಹಕ್ಕಿ ನೋಡುವವರಿಗೆಲ್ಲ ಗುರುಸಮಾನರು. ಶಿವರಾತ್ರಿ ಕಳೆದು ವಲಸೆ ಹಕ್ಕಿಗಳು ಉತ್ತರಕ್ಕೆ ಹೊರಟವೆಂದರೆ, ಚಾಮರಾಜನಗರದ ನಮ್ಮ ವಾಚನಾಲಯಕ್ಕೆ ಅವರ ಕಾರ್ಡುಗಳು ಬರತೊಡಗುತ್ತಿದ್ದವು: ಗೋಪಾಲಸ್ವಾಮಿ ಬೆಟ್ಟದ ತಪ್ಪಲಲ್ಲಿ ಯಾವ ಹಕ್ಕಿ, ಎಷ್ಟು, ಯಾವ ಹೊತ್ತಿನಲ್ಲಿ, ಮೂಲೆಯಲ್ಲಿ ಹೆಬ್ಬೆರಳಷ್ಟು ಚಿತ್ರ. ಭಾನುವಾರ ಏಳೆಂಟು ಮಂದಿ ಕೂತು ಓದುತ್ತಿದ್ದೆವು. ನಮ್ಮ ಕಾರ್ಯದರ್ಶಿಗಳಾದ ಮಂಡಿ ವ್ಯಾಪಾರಿ ದೊಡ್ಡಮಲ್ಲಪ್ಪನವರು ಅದನ್ನು ದೊಡ್ಡ ಪುಸ್ತಕಕ್ಕೆ ಏರಿಸುತ್ತಿದ್ದರು. ಹೊಸ ಹಕ್ಕಿಯಾದರೆ ಇಬ್ಬರು ಕಂಡಿರಬೇಕು, ಇಬ್ಬರೂ ಹೌದೆನ್ನಬೇಕು. ಇದು ಮೇಷ್ಟರೇ ಮಾಡಿದ ಕಟ್ಟಳೆ.

ಪುಸ್ತಕ ಕೊಳ್ಳಲಾರದ ನನಗೆ ಅವರು ನಲವತ್ತು ಹಕ್ಕಿಗಳ ಚಿತ್ರ ಬರೆದು, ಬಣ್ಣ ತುಂಬಿ, ದಾರದಲ್ಲಿ ಹೊಲಿದು ಕೊಟ್ಟರು. ನನ್ನ ಮೊದಲ ಟಿಪ್ಪಣಿ ನೋಡಿದಾಗ, "ಕಂಡದ್ದನ್ನ ಬರಿ ಪುಟ್ಟಬಸಪ್ಪ. ಅನುಮಾನ ಇದ್ದರೆ ಅನುಮಾನ ಅಂತಲೇ ಬರಿ. ನನ್ನ ಮುಖ ನೋಡಿಕೊಂಡು ಬರೀಬೇಡ" ಎಂದಿದ್ದರು.

ಸಾವಿರದ ಒಂಬೈನೂರ ಐವತ್ತಾರರ ಮಾರ್ಚಿಯಲ್ಲಿ ನಾವಿಬ್ಬರೂ ಉಡಿಗಾಲದ ಕೆರೆಗೆ ಹೋಗಿದ್ದೆವು. ಹೊತ್ತು ಆಗತಾನೆ ಹುಟ್ಟಿತ್ತು. ನೀರಿನಂಚಿನಲ್ಲಿ ದೊಡ್ಡ ಕೊಕ್ಕರೆಯೊಂದು ಒಂಟಿಯಾಗಿ ನಿಂತಿತ್ತು. ನಮ್ಮ ಕೆರೆಗಳಲ್ಲಿ ಯಾವಾಗಲೂ ಕಾಣುವ ಬಣ್ಣದ ಕೊಕ್ಕರೆಗೆ ಕೊಕ್ಕು ಹಳದಿ. ದೂರದೇಶದಿಂದ ಬರುವ, ನಮ್ಮ ಪುಸ್ತಕಕ್ಕೆ ಇನ್ನೂ ಏರದ ಬಿಳಿ ಕೊಕ್ಕರೆಗೆ ಕೆಂಪು. ಮೇಷ್ಟರು ದುರ್ಬೀನು ಇಳಿಸಿ ನನ್ನ ಕೈಗೆ ಕೊಟ್ಟರು. "ಇದಕ್ಕೆ ಎಷ್ಟು ವರ್ಷ ಕಾದೆ! ನೋಡಪ್ಪ, ಬೇಗ ನೋಡು."

ನಾನು ಕಣ್ಣಿಗಿಟ್ಟು ಸರಿಮಾಡಿಕೊಳ್ಳುವಷ್ಟರಲ್ಲಿ ಹಕ್ಕಿ ಎದ್ದಿತು. ಕೊಕ್ಕು ಕೆಂಪಗೆ ಕಂಡಿತು. ಆದರೆ ಆ ಬಿಸಿಲಿನಲ್ಲಿ ಕೆರೆಯ ನೀರೂ ಕೆಂಪಗಿತ್ತು.

ಭಾನುವಾರ ಮೇಷ್ಟರೂ ಬಂದಿದ್ದರು. ದೊಡ್ಡಮಲ್ಲಪ್ಪನವರು ಅವರು ಹೇಳಿದ್ದನ್ನು ಪುಸ್ತಕಕ್ಕೆ ಏರಿಸಿ, ನನ್ನನ್ನು ಕೇಳಿದರು: "ಏನ್ಲಾ ಪುಟ್ಬಸಪ್ಪ, ಕೆಂಪೋ ಅರಿಶಿಣವೋ? ಒಂದ್ ಮಾತ್ ಯೋಳ್ಬುಡು."

"ಕೆಂಪಗೇ ಕಂಡ್ತು ಕಣಣ್ಣ. ಆದ್ರೆ ಎದುರು ಬಿಸ್ಲು. ಆಣೆ ಇಟ್ಟು ಯೋಳಕಾಗಲ್ಲ."

"ಮೇಷ್ಟ್ರು ಬಣ್ಣದ ಡಬ್ಬಿ ತಕ್ಕಂಡೇ ಓಗಿದ್ರು ಕಣ್ಲಾ, ಅಲ್ಲೇ ಬಳುದ್ಬುಟ್ಟವ್ರೆ!" ಎಂದರು ನಮ್ಮಲ್ಲೊಬ್ಬರಾದ ಹರವೆಯ ಮರಿಮಲ್ಲಪ್ಪನವರು. ಎಲ್ಲರೂ ನಕ್ಕರು. ನಾನೂ ನಕ್ಕೆನೆಂದು ನೆನಪು.

ಮೇಷ್ಟರು ನಗಲಿಲ್ಲ. "ಹೊಡೆದುಹಾಕಿ ಸಾವ್ಕಾರ್ರೆ. ಅವನು ಸರಿಯಾಗೇ ಹೇಳಿದ್ದಾನೆ" ಎಂದು ನನ್ನ ಭುಜ ತಟ್ಟಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದುಹೋದರು. ಅವರ ಸಾಲಿನ ಮೇಲೆ ಕೆಂಪು ಶಾಯಿಯ ಗೆರೆ ಬಿತ್ತು. ಆಮೇಲೆ ಗುಂಡ್ಲುಪೇಟೆಯಿಂದ ಒಂದು ಕಾರ್ಡೂ ಬರಲಿಲ್ಲ. ಸಿಕ್ಕಾಗಲೆಲ್ಲ ನನ್ನ ಮನೆಮಂದಿಯ ಕ್ಷೇಮ ಕೇಳುತ್ತಾರೆ, ಹಕ್ಕಿಯ ಮಾತೆತ್ತುವುದಿಲ್ಲ.

ಮರುವರ್ಷ ಮೈಸೂರಿನ ಅಧಿಕಾರಿಯೊಬ್ಬರು ಕಾರಿನಲ್ಲಿ ಬಂದು, ಅದೇ ಕೆರೆಯಲ್ಲಿ, ಒಬ್ಬರೇ ಬಿಳಿ ಕೊಕ್ಕರೆ ಕಂಡರು. ಎರಡನೆಯ ಸಾಕ್ಷಿ ಯಾರೆಂದು ನಾನು ಹೆದರುತ್ತಲೇ ಕೇಳಿದೆ. "ಆಪೀಸರ್ ಸಾಯೇಬ್ರೇ ಕಂಡವ್ರಲ್ಲ, ಇನ್ನೊಬ್ಬ ಯಾಕ್ಲಾ?" ಎಂದು ದೊಡ್ಡಮಲ್ಲಪ್ಪನವರು ಬರೆದುಕೊಂಡರು. ಈ ಸಂಪುಟದ ಕೊನೆಗೆ ಅಚ್ಚಾಗಲಿರುವ ಪಟ್ಟಿಯಲ್ಲಿ, ಬಿಳಿ ಕೊಕ್ಕರೆಯ ಮುಂದೆ ಇರುವುದು ಆ ಅಧಿಕಾರಿಯ ಹೆಸರು. ಅಂದು ನಕ್ಕವರೇ ಇದೇ ಸಂಪುಟದಲ್ಲಿ ಮೇಷ್ಟರದು ಹದ್ದಿನ ಕಣ್ಣೆಂದು ಹೊಗಳಿದ್ದಾರೆ. ಕರಡು ಓದುವಾಗ ಇದನ್ನು ಕಂಡೆ. ಅವರನ್ನು ದೂರುವ ಅರ್ಹತೆಯೂ ನನಗಿಲ್ಲ.

ಮೇಷ್ಟರು ಆಯುರಾರೋಗ್ಯದಿಂದ ನೂರು ಕಾಲ ಬಾಳಲಿ. ಬರುವ ಶಿವರಾತ್ರಿಯ ಮೇಲೆ ಒಂದಾದರೂ ಕಾರ್ಡು ಬರೆಯಲಿ. ಅವರು ಕಲಿಸಿದಂತೆಯೇ ನಾನು ನಡೆದುಕೊಂಡೆ, ಅದರಿಂದಲೇ ಅವರ ಮಾತಿಗೆ ಬೆಲೆ ಇಲ್ಲದಂತಾಯಿತು. ಈ ಮೂರು ವರ್ಷ ಕಣ್ಣು ಮುಚ್ಚಿ ಎಷ್ಟು ಸಲ ಆ ಕೆರೆಯನ್ನು ನೋಡಿದ್ದೇನೋ. ಕೊಕ್ಕು ಕೆಂಪಗಿತ್ತೋ, ಬಿಸಿಲಿಗೆ ಹಾಗೆ ಕಂಡಿತೋ, ನನಗೆ ಇವತ್ತಿಗೂ ಗೊತ್ತಿಲ್ಲ.