ಚಾಚಾ ಒಯ್ದ ಮೌಸ್

ಚಾಚಾನ ಬಲಗೈ ಬೆರಳುಗಳು ತುದಿಯಿಂದ ಎರಡನೇ ಗೆಣ್ಣಿನವರೆಗೆ ಸುಣ್ಣದಲ್ಲಿ ಅದ್ದಿ ತೆಗೆದಂತೆ ಬೆಳ್ಳಗಿದ್ದವು. ಹನ್ನೆರಡು ವರ್ಷ ಗಣಿಯಲ್ಲಿ ಕಲ್ಲು ಕೊರೆಯುವ ಡ್ರಿಲ್ ಹಿಡಿದ ಕೈ ಅದು. ಅದುರಿ ಅದುರಿ ಬೆರಳು ಜೋಮು ಹಿಡಿದು, ಕೊನೆಗೆ ಬಿಸಿ ಚಹಾದ ಗ್ಲಾಸೂ ಗೊತ್ತಾಗದಂತಾಗಿತ್ತು.

ಅದಿರಿನ ಧೂಳಿಗೆ ಬಳ್ಳಾರಿಯೇ ಕೆಂಪಾಗಿದ್ದ ಆ ವರ್ಷಗಳಲ್ಲಿ ನಾನು ಅಲ್ಲಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಕುರುಗೋಡಿನ ಚಾಚಾ ನಮ್ಮ ಗಿರಾಕಿ. ಕಂಪ್ಯೂಟರಿಗೆ ಧೂಳು ಆಗದು ಎಂದು ಚಪ್ಪಲಿ ಬಿಟ್ಟು, ಅಂಗಿ ಕೊಡವಿಕೊಂಡೇ ಮೆಟ್ಟಿಲು ಹತ್ತುತ್ತಿದ್ದರು. ಹೇಗೋ ಅವರಿಗೆ ಲಾರಿ ತೂಗುವ ಕಡೆ ಕಂಪ್ಯೂಟರ್ ಮುಂದೆ ಕೂರುವ ಕೆಲಸ ಸಿಕ್ಕಿತ್ತು. ಪಟ್ಟಿಯಲ್ಲಿ ಲಾರಿ ನಂಬರ್ ಹುಡುಕಿ ಒತ್ತಿದರೆ ತೂಕದ ಚೀಟಿ ಬರುತ್ತಿತ್ತು. ಅದೂ ಕೈತಪ್ಪಿದರೆ ಮತ್ತೆ ಡ್ರಿಲ್ಲೇ ಗತಿ.

ಮೌಸ್ ಕೊಳ್ಳಲು ಬಂದ ದಿನ ಅವರು ಒಂದೊಂದನ್ನೇ ಕಿವಿಗೆ ಹಿಡಿದು ಗುಂಡಿ ಒತ್ತತೊಡಗಿದರು, ಸಂತೆಯಲ್ಲಿ ಗಡಿಗೆ ಬಾರಿಸಿ ನೋಡುವವರ ಹಾಗೆ. ನನಗೋ ನಗು.

“ಬೆರಳಿಗೆ ಗೊತ್ತಾಗಂಗಿಲ್ಲ ಬೇಟಾ. ಟಕ್ ಅಂತ ಕಿವಿಗರ ಕೇಳಬೇಕು. ಗಾಲಿನೂ ಹಲ್ಲು ಎಣಿಸಿದಂಗ ತಿರುಗಬೇಕು.”

“ಎಲ್ಲಾ ಒಂದೇ ಮಾಲ್ ಚಾಚಾ, ಯಾವುದಾದ್ರೂ ಒಯ್ರಿ,” ಎಂದು ನಾನೇ ಒಂದನ್ನು ಕೈಗಿಟ್ಟು ಸಾಗಹಾಕಿದೆ.

ಹದಿನೈದು ದಿನಕ್ಕೆ ವಾಪಸ್ ತಂದರು. ಗಾಲಿ ಒಮ್ಮೊಮ್ಮೆ ಜಿಗಿದು ಪಟ್ಟಿಯಲ್ಲಿ ಬೇರೆ ಲಾರಿಯ ನಂಬರ್ ಮೇಲೆ ನಿಲ್ಲುತ್ತದೆ, ಎರಡು ಸಲ ತಪ್ಪು ಚೀಟಿ ಹೋಗಿದೆ, ಮಾಲೀಕ ಸಿಡಿಮಿಡಿ ಎನ್ನುತ್ತಿದ್ದಾನೆ ಎಂದರು. ನಾನು ಅಂಗಡಿಯ ಕಂಪ್ಯೂಟರಿಗೆ ಹಚ್ಚಿ ನಾಲ್ಕು ಸಲ ತಿರುಗಿಸಿದೆ. ಸರಿಯಾಗೇ ತಿರುಗಿತು.

“ಮೌಸ್ ಛಲೋ ಐತ್ರಿ ಚಾಚಾ. ತಪ್ಪು ನಿಮ್ಮ ಕೈಯಾಗ ಐತಿ.”

ಚಾಚಾ ಬೆರಳು ಮಡಚಿ ಬಿಚ್ಚಿ ನೋಡಿಕೊಂಡರು. “ಇರಬೇಕು ಬೇಟಾ. ನೀ ಕಲ್ತಾಕಿ, ನಿನಗ ಗೊತ್ತಿರತೈತಿ,” ಎಂದು ಅದನ್ನೇ ಒಯ್ದರು. ಸೊಕ್ಕು ನನಗೆ; ಆ ಮಾತಿಗೆ ಹಿಗ್ಗಿದೆ ಕೂಡ.

ಮುಂದಿನ ತಿಂಗಳು ಅದೇ ಪೆಟ್ಟಿಗೆಯ ಮೌಸ್‌ಗಳು ಸಿರುಗುಪ್ಪದಿಂದ, ಸಿರಿಗೇರಿಯಿಂದ ಒಂದೊಂದಾಗಿ ವಾಪಸ್ ಬಂದವು. ಎಲ್ಲರದೂ ಒಂದೇ ದೂರು: ತಾಸೆರಡು ತಾಸು ಬಳಸಿದ ಮೇಲೆ ಗಾಲಿ ಜಿಗಿಯುತ್ತದೆ. ಹೊಸ ಮಾಲು ಬಂದಾಗ ಒಂದೊಂದನ್ನೂ ಅರ್ಧ ದಿನ ಓಡಿಸಿ ನೋಡಿದೆ. ಗುಂಡಿ ಖಡಕ್ಕಾಗಿ ಸದ್ದು ಮಾಡುವ, ಗಾಲಿ ಒಂದು ಹಲ್ಲೂ ತಪ್ಪದ ಮೌಸ್ ಆರಿಸಿಕೊಂಡು ಭಾನುವಾರ ಕುರುಗೋಡಿನ ಬಸ್ಸು ಹತ್ತಿದೆ.

ಮನೆಯಲ್ಲಿ ಚಾಚಿ ಒಬ್ಬರೇ ಇದ್ದರು. ಚಾಚಾ ಇದ್ದಾರಾ ಎಂದಷ್ಟೇ ಕೇಳಿದೆ.

“ಅವರು ಹೋಗಿ ಒಂಬತ್ತು ದಿನ ಆತು ಬೇಟಾ,” ಎಂದರು.

ಮೂರನೇ ತಪ್ಪು ಚೀಟಿಗೆ ಕೆಲಸ ಹೋಗಿತ್ತು. ಮತ್ತೆ ಡ್ರಿಲ್ ಹಿಡಿದ ಆರನೇ ದಿನ ಬಂಡೆ ಜಾರಿ ಮೇಲೆ ಬಿದ್ದಿತ್ತು.

“ಮೌಸ್ ಕೆಟ್ಟೈತಿ ಅಂತ ಮಾಲಕರಿಗೆ ಹೇಳ್ರಿ ಅಂದೆ. ಇಲ್ಲ, ಅಂಗಡಿ ಬೇಟಿ ನೋಡಿ ಹೇಳ್ಯಾಳ, ನನ್ನ ಬೆರಳೇ ಸತ್ತಾವು ಅಂದ್ರು.”

ಆ ಬೇಟಿ ನಾನೇ ಎಂದು ಅವರಿಗೆ ಗೊತ್ತಿರಲಿಲ್ಲ. ಚಹಾ ಮಾಡಿ ಕೊಟ್ಟರು, ಕುಡಿದೆ. ತಂದ ಮೌಸ್ ಚೀಲದಲ್ಲೇ ಉಳಿಯಿತು. ಅವರ ಮುಂದೆ ಬಾಯಿ ಬಿಡುವ ಧೈರ್ಯ ಅಂದು ಬರಲಿಲ್ಲ, ಆಮೇಲೂ ಬರಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ: ಮೌಸೇ ಕೆಟ್ಟಿತ್ತು ಚಾಚಾ.