ಸೆರಗು ಕಾಣಲಿ ಎಂದವನು

ಇಂದಿಗೂ ಸೈಕಲ್ಲಿನ ಕ್ಯಾರಿಯರ್ ಮೇಲೆ ಹೆಣ್ಣುಮಗಳೊಬ್ಬಳು ಕೂತು ಹೋಗುವುದು ಕಂಡರೆ ನನ್ನ ಕಣ್ಣು ಮೊದಲು ಅವಳ ಸೆರಗಿಗೆ ಹೋಗುತ್ತದೆ. ಸೆರಗು ಜೋತಾಡುತ್ತಿದ್ದರೆ ಮುಗಿಯಿತು, ಗುರುತು ಇರಲಿ ಬಿಡಲಿ, ನಡುಬೀದಿಯಲ್ಲೇ ಕೂಗಿಬಿಡುತ್ತೇನೆ. ಮುದುಕನಿಗೆ ಅರಳು ಮರಳು ಎಂದು ನಕ್ಕವರಿದ್ದಾರೆ. ಇವನ ಕಣ್ಣೇ ಸರಿಯಿಲ್ಲ ಎಂದು ಬೈದವರೂ ಇದ್ದಾರೆ. ಬೈಯಲಿ. ಆ ಹೊತ್ತಿಗೆ ನನ್ನ ಎದೆ ಹೊಡೆದುಕೊಳ್ಳುವುದು ಅವರಿಗೇನು ಗೊತ್ತು.

ಐವತ್ತರ ದಶಕದ ಮಾತು. ಇಳಕಲ್ಲಿನಲ್ಲಿ ನಮ್ಮದು ನೇಯ್ಗೆಯ ಮನೆ. ಅಪ್ಪ ತೀರಿಕೊಂಡ ಮೇಲೆ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತವನು ನಾನೇ. ಇದ್ದವಳು ಒಬ್ಬಳೇ ತಂಗಿ. ಆ ಬೇಸಿಗೆಯಲ್ಲಿ ಅವಳನ್ನು ಹುನಗುಂದಕ್ಕೆ ಕೊಟ್ಟಿದ್ದೆವು. ಮದುವೆಯಾದ ವರ್ಷ ನಾಗರ ಪಂಚಮಿಗೆ ಅಣ್ಣನೇ ಹೋಗಿ ತಂಗಿಯನ್ನು ತವರಿಗೆ ಕರೆದು ತರಬೇಕು, ಹಬ್ಬ ಮುಗಿದ ಮೇಲೆ ಸೀರೆ ಉಡಿಸಿ ತಿರುಗಿ ಮುಟ್ಟಿಸಬೇಕು. ಇದು ನಮ್ಮ ಕಡೆ ಎಲ್ಲರಿಗೂ ಇದ್ದದ್ದೇ. ನಮ್ಮ ಮನೆಯಲ್ಲಿ ಮಾತ್ರ ಇದರ ಮೇಲೆ ಇನ್ನೊಂದು ಕಟ್ಟಳೆ ಇತ್ತು. ತವರಿನ ಸೀರೆಯನ್ನು ಅತ್ತೆ ಕಣ್ಣಾರೆ ನೋಡುವ ತನಕ ಅದಕ್ಕೆ ಕತ್ತರಿ ತಾಗಿಸುವಂತಿಲ್ಲ. ತಾಗಿಸಿದರೆ ತವರಿಗೂ ಮಗಳಿಗೂ ನಡುವೆ ಕತ್ತರಿ ಆಡಿಸಿದಂತೆ ಎಂದು ಅವ್ವ ಹೇಳುತ್ತಿದ್ದಳು. ಅವ್ವನ ಮಾತು ನನಗೆ ಸಣ್ಣಂದಿನಿಂದ ಮೈಗೆ ಹತ್ತಿತ್ತು.

ಆ ಸೀರೆಯನ್ನು ನಾನೇ ನೇಯ್ದಿದ್ದೆ. ನಮ್ಮ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದಕ್ಕೆ ಹಾಯುವ ಎಳೆ, ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ನೂಲು, ಸೆರಗಿಗೆ ಕೆಂಪು ರೇಷ್ಮೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಬೆನ್ನು ಬಗ್ಗಿಸಿ, ಕಣ್ಣು ಕೆಂಪಾಗುವ ತನಕ ಮಾಡುವ ಕೆಲಸ. ಕೂಡಿಸಿದ ಮೇಲೆ ಎರಡೂ ಕೈಯಿಂದ ಜಗ್ಗಿ ಅವ್ವನಿಗೆ ತೋರಿಸಿದ್ದೆ. "ಆನಿ ಜಗ್ಗಿದ್ರೂ ಹರಿಯಂಗಿಲ್ಲ ನೋಡಬೇ" ಎಂದಿದ್ದೆ. ಆ ಮಾತು ನೆನಪಾದರೆ ಈಗಲೂ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ತಂಗಿಯನ್ನು ಕರೆತಂದದ್ದು ಬಸ್ಸಿನಲ್ಲಿ. ತಿರುಗಿ ಬಿಡುವಾಗ ಮಾತ್ರ ನನಗೆ ಸೈಕಲ್ಲಿನ ಹುಚ್ಚು ಹತ್ತಿತು. ಬಸ್ಸಿನ ಗದ್ದಲದಲ್ಲಿ ನಾನು ನೇಯ್ದ ಸೀರೆ ಯಾರಿಗೆ ಕಾಣಬೇಕು? ಅವ್ವ ಬೇಡವೆಂದಳು, ನಾನು ಕೇಳಲಿಲ್ಲ. ಬೆಳಿಗ್ಗೆ ಎದ್ದು ಬಾಡಿಗೆ ಸೈಕಲ್ ಅಂಗಡಿಗೆ ಹೋದೆ. ಅಂಗಡಿಯ ಮುದುಕ ಗಾಳಿ ಹೊಡೆಯುತ್ತಾ ಕೇಳಿದ.

"ಹಿಂದ ಯಾರ ಕುಂದರತಾರ?"

"ತಂಗಿರಿ."

"ಹಂಗಾರ ಕೇಳಿಲ್ಲೆ. ಇಳಿಜಾರಿನಾಗ ಮುಂದಿನ ಬ್ರೇಕ್ ಒಮ್ಮೆಲೆ ಹಿಡೀಬ್ಯಾಡ. ಹಳ್ಳದ ಸೇತುವಿ ಬಂತಂದ್ರ ಇಳದ ನಡೀರಿ, ಅಲ್ಲೆ ಬಾಜೂಕ ಸರಿಯಾಕ ಜಾಗ ಇಲ್ಲ. ಮತ್ತ ತಂಗೀ ಸೆರಗು ನಡಕ್ಕ ಗಟ್ಟಿ ಸಿಗಸು. ಮರೀಬ್ಯಾಡ ತಮ್ಮಾ, ಗಾಲಿಗೆ ಕಣ್ಣಿಲ್ಲ."

ಹೂಂ ಹೂಂ ಎಂದೆ. ಮೂರು ಮಾತಿಗೂ ಹೂಂ ಎಂದೆ.

ಮನೆಯಂಗಳದಲ್ಲಿ ತಂಗಿ ಹೊಸ ಸೀರೆ ಉಟ್ಟು ನಿಂತಿದ್ದಳು. ತಲೆಯ ಮೇಲೆ ಸೆರಗು ಹೊದ್ದು, ಕೊರಳ ಸುತ್ತ ತಂದು, ಉಳಿದ ತುದಿಯನ್ನು ಟೊಂಕಕ್ಕೆ ಸಿಗಿಸಿದ್ದಳು. ಯಾರೂ ಹೇಳಿರಲಿಲ್ಲ, ತಾನೇ ಸಿಗಿಸಿಕೊಂಡಿದ್ದಳು. ಸೆರಗಿನ ಕೆಂಪೆಲ್ಲ ಮುದ್ದೆಯಾಗಿ ಒಳಗೆ ಹೋಗಿತ್ತು. ನನಗೆ ಸಿಟ್ಟೇ ಬಂತು.

"ಅದ್ಯಾಕ ಹಂಗ ಮುಚಗೊಂಡಿ? ತುದಿ ಹಿಂದಕ ಬಿಡು. ಹುನಗುಂದ ಮಂದಿಗೆ ಸೆರಗು ಕಾಣ್ಲಿ" ಎಂದೆ.

"ಗಾಲ್ಯಾಗ ಸಿಕ್ಕೀತೋ ಅಣ್ಣಾ."

"ನಾ ಇಲ್ಲೇನು? ಬಿಡು."

ಅವಳು ಬಿಟ್ಟಳು. ಅವ್ವ ಒಳಗೆ ಅತ್ತೆಯ ಮನೆಗೆಂದು ಎಳ್ಳುಂಡಿ, ಶೇಂಗಾ ಉಂಡಿ ಬುಟ್ಟಿಗೆ ತುಂಬುತ್ತಿದ್ದಳು. ಈ ಮಾತು ಅವಳ ಕಿವಿಗೆ ಬೀಳಲಿಲ್ಲ. ಕೇಳಿದವರು ನಾವಿಬ್ಬರೇ.

ಆಗಿನ ಹುನಗುಂದದ ರಸ್ತೆಯೆಂದರೆ ಕಡಿಗಲ್ಲು ಎದ್ದ ರಸ್ತೆ. ಸೈಕಲ್ಲಿನವರು ಅದರ ಮೇಲೆ ಹೋಗುತ್ತಿರಲಿಲ್ಲ. ರಸ್ತೆಗೂ ಹೊಲಕ್ಕೂ ನಡುವೆ ಕಾಲಿನಿಂದ, ಗಾಲಿಯಿಂದ ತುಳಿದು ಗಟ್ಟಿಯಾದ ಒಂದು ಗೇಣಗಲದ ಹಾದಿ ಇತ್ತು. ಅದೇ ನಮ್ಮ ಸೈಕಲ್ ಹಾದಿ. ಬೇಸಿಗೆಯಲ್ಲಿ ಅಂಥ ಹಾದಿ ಇನ್ನೊಂದಿಲ್ಲ. ಶ್ರಾವಣದಲ್ಲಿ ಜಿಟಿಜಿಟಿ ಮಳೆ ಹಿಡಿಯಿತೆಂದರೆ ಎರೆಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು ಸೈಕಲ್ಲನ್ನು ಹೆಗಲ ಮೇಲೆ ಹೊರಬೇಕಾಗುತ್ತಿತ್ತು. ಅವತ್ತು ಮಳೆ ನಿಂತು ಒಂದು ದಿನವಾಗಿತ್ತು. ಅಲ್ಲಲ್ಲಿ ಜಾರುತ್ತಿತ್ತು. ಪ್ರತಿ ಸಲ ಗಾಲಿ ಜಾರಿದಾಗಲೂ ತಂಗಿ ನನ್ನ ಅಂಗಿ ಹಿಡಿದು "ಯವ್ವಾ" ಅನ್ನುತ್ತಿದ್ದಳು. ನಾನು ನಗುತ್ತಿದ್ದೆ. ನಿಜ ಹೇಳುತ್ತೇನೆ, ಒಳಗೊಳಗೆ ನನಗೂ ಅಂಜಿಕೆ ಶುರುವಾಗಿತ್ತು. ಇಬ್ಬರ ಭಾರ, ಹ್ಯಾಂಡಲಿಗೆ ಉಂಡಿಯ ಬುಟ್ಟಿ. ಆದರೆ ಇಳಿದು ನಡೆಯೋಣ ಎನ್ನಲು ಗಂಡಸಿಗೆ ಬಾಯಿ ಬರಬೇಕಲ್ಲ.

ಹಳ್ಳ ಬಂತು. ಅಲ್ಲಿಗೆ ಸೈಕಲ್ ಹಾದಿ ಮುಗಿದು ರಸ್ತೆಗೆ ಏರಬೇಕು. ಇಳಿಜಾರು, ಅದರ ಬುಡಕ್ಕೆ ಸೇತುವೆ. ಒಂದು ಲಾರಿ ಹೋದರೆ ಪಕ್ಕದಲ್ಲಿ ನಾಯಿಗೂ ಜಾಗವಿಲ್ಲದಷ್ಟು ಸಣ್ಣ ಸೇತುವೆ, ಎರಡೂ ಬದಿಗೆ ಮೊಳದೆತ್ತರದ ಕಲ್ಲುಗಳು. ಮುದುಕ ಇಳಿದು ನಡೆಯಿರಿ ಎಂದದ್ದು ನೆನಪಾಯಿತು. ಇಳಿಯಲಿಲ್ಲ. ಇಳಿಜಾರಿನಲ್ಲಿ ಸೈಕಲ್ ತಾನೇ ಓಡುತ್ತಿತ್ತು, ಎದುರುಗಾಳಿ ಹೊಡೆಯುತ್ತಿತ್ತು. ಸೇತುವೆಯ ನಡುಮಧ್ಯಕ್ಕೆ ಬರುವಾಗ ಹಿಂದಿನ ಗಾಲಿ ಒಮ್ಮೆಗೇ ಕಚ್ಚಿ ನಿಂತಿತು. ಸೈಕಲ್ ಅಡ್ಡ ತಿರುಗಿ ನಾನು ಒಂದು ಕಾಲ ಮೇಲೆ ನಿಂತೆ. ಹಿಂದಿನಿಂದ ಒಂದು ಸದ್ದು ಬಂತು. ಅದು ಕೂಗಲ್ಲ, ಉಸಿರು ಸಿಕ್ಕಿಕೊಂಡ ಸದ್ದು.

ತಿರುಗಿ ನೋಡಿದೆ. ಕೆಂಪು ಸೆರಗು ಚೈನು, ಫ್ರೀವೀಲು, ಕಡ್ಡಿಗಳ ನಡುವೆ ಹಗ್ಗವಾಗಿ ಸುತ್ತಿಕೊಂಡಿತ್ತು. ತಂಗಿ ಕ್ಯಾರಿಯರಿನಿಂದ ಜಾರಿ ಗಾಲಿಯ ಪಕ್ಕ ಮೊಳಕಾಲೂರಿದ್ದಳು. ಕೊರಳ ಸುತ್ತ ಬಂದ ಸುತ್ತು ಬಿಗಿದು, ಅವಳ ಮುಖ ಗಾಲಿಗೆ ಹತ್ತಿ ನಿಂತಿತ್ತು. ಎರಡೂ ಕೈಯ ಬೆರಳನ್ನು ಸೀರೆಗೂ ಕೊರಳಿಗೂ ನಡುವೆ ತೂರಿಸಲು ನೋಡುತ್ತಿದ್ದಳು. ಅಷ್ಟರಲ್ಲಿ ನಾವು ಇಳಿದು ಬಂದ ದಿನ್ನೆಯ ನೆತ್ತಿಯ ಮೇಲೆ ಹಾರ್ನ್ ಕೇಳಿಸಿತು. ಕಲ್ಲು ಹೇರಿದ ಲಾರಿ.

ಗಾಲಿಯನ್ನು ಹಿಂದಕ್ಕೆ ತಿರುಗಿಸಲು ನೋಡಿದೆ, ಜರುಗಲಿಲ್ಲ. ಸೈಕಲ್ ಎಳೆದರೆ ಅವಳ ಕೊರಳು ಬಿಗಿಯುತ್ತಿತ್ತು. ಎರಡೂ ಕೈಯಿಂದ ಸೆರಗನ್ನು ಜಗ್ಗಿದೆ. ಹರಿಯಲಿಲ್ಲ. ನಾನೇ ಹಾಕಿದ ಕೊಂಡಿ, ಹರಿದೀತು ಹೇಗೆ?

ನನ್ನ ಅಂಗಿಯ ಕಿಸೆಯಲ್ಲಿ ಎಳೆ ಕತ್ತರಿಸುವ ಸಣ್ಣ ಕತ್ತರಿ ಇತ್ತು. ಮಗ್ಗದಿಂದ ಎದ್ದರೂ ಅದು ಕಿಸೆಯಲ್ಲೇ ಇರುತ್ತಿತ್ತು. ಅದು ಅಲ್ಲಿದೆಯೆಂದು ನನಗೆ ಗೊತ್ತಿತ್ತು. ಮರೆತಿದ್ದೆ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ, ಸುಳ್ಳು. ಗೊತ್ತಿತ್ತು. ಆದರೆ ಕೈ ಕಿಸೆಗೆ ಹೋಗಲಿಲ್ಲ. ನನ್ನ ಬೆರಳುಗಳು ಮಗ್ಗದಲ್ಲಿ ಗಂಟು ಬಿದ್ದಾಗ ಮಾಡುವ ಹಾಗೆ ಎಳೆ ಎಲ್ಲಿ ಸಿಕ್ಕಿದೆ, ಯಾವ ಕಡೆಯಿಂದ ಸಡಿಲ ಮಾಡಿದರೆ ಸೀರೆ ಉಳಿದೀತು ಎಂದು ಹುಡುಕುತ್ತಿದ್ದವು. ಲಾರಿ ಇಳಿಯುತ್ತಿತ್ತು. ಹಾರ್ನ್ ಬಿಡದೆ ಕೂಗುತ್ತಿತ್ತು. ಬೆರಳು ಇನ್ನೂ ಎಳೆ ಹುಡುಕುತ್ತಿದ್ದವು.

"ಕತ್ತರಸೋ..." ಎಂದಳು ತಂಗಿ. ದನಿಯೇ ಇರಲಿಲ್ಲ, ತುಟಿ ಅಲ್ಲಾಡಿತು.

ಮರುಗಳಿಗೆ ಅವಳ ಕೈ ನನ್ನ ಎದೆಗೆ ಬಂತು. ಕಿಸೆ ಹರಿಯುವ ಹಾಗೆ ಜಗ್ಗಿ ಕತ್ತರಿ ತೆಗೆದಳು. ಕೊರಳ ಕೆಳಗೆ ಹಾಕಿ ಕತ್ತರಿಸಿದಳು, ಒಂದು ಸಲ, ಎರಡು ಸಲ, ಮೂರನೆಯದಕ್ಕೆ ಬಿಡಿಸಿಕೊಂಡು ನನ್ನ ಮೈಮೇಲೆ ಬಿದ್ದಳು. ಇಬ್ಬರೂ ಬದಿಯ ಎರಡು ಕಲ್ಲುಗಳ ಸಂದಿಗೆ ನುಗ್ಗಿ ಮುದ್ದೆಯಾದೆವು. ಲಾರಿ ಸೈಕಲ್ಲನ್ನು ಬದಿಗೆ ಎತ್ತಿ ಒಗೆದು ನಮ್ಮ ಮೊಳಕಾಲಿಗೆ ಗಾಳಿ ತಾಗುವ ಹಾಗೆ ಹಾದು ಹೋಯಿತು. ಸೇತುವೆ ದಾಟಿದ ಮೇಲೇ ಅದು ನಿಂತದ್ದು. ಡ್ರೈವರ್ ಓಡಿ ಬಂದ. ಅವನ ಮುಖವೂ ಬಿಳುಚಿಕೊಂಡಿತ್ತು.

"ಕಿವಿ ಸತ್ತಾವೇನಲೇ ನಿನ್ನವು? ಕಲ್ಲಿನ ಗಾಡಿ, ನಿಲ್ಲಂದ್ರ ನಿಲ್ತದೇನು? ಕೊಂದ ಬಿಡತಿದ್ದೆಲ್ಲೊ ಈ ಹುಡಿಗೀನ್ನ!"

ಅವನು ಬೈಯುತ್ತಿದ್ದಾಗ ನಾನು ಏನು ನೋಡುತ್ತಿದ್ದೆ ಗೊತ್ತೆ? ಸೆರಗು ಎಲ್ಲಿ ಕತ್ತರಿಸಿದೆ ಎಂದು ನೋಡುತ್ತಿದ್ದೆ. ಕೊಂಡಿಯಿಂದ ನಾಲ್ಕು ಬೆರಳು ಆಚೆಗೆ. ತಂಗಿಯ ಕೊರಳಲ್ಲಿ ಕೆಂಪು ಬರೆ ಎದ್ದಿತ್ತು, ಅದು ನನ್ನ ಕಣ್ಣಿಗೆ ಬಿದ್ದದ್ದು ಆಮೇಲೆ. ನಾನು ಮೊದಲು ನೋಡಿದ್ದು ಏನನ್ನು ಎಂಬುದನ್ನು ಅವಳು ನೋಡಿದ್ದಳು.

ಉಳಿದ ಹಾದಿಯನ್ನು ನಡೆದೆವು. ಹ್ಯಾಂಡಲ್ ಸೊಟ್ಟಗಾದ ಸೈಕಲ್ಲನ್ನು ನಾನು ನೂಕುತ್ತಿದ್ದೆ, ಗಾಲಿಯಲ್ಲಿ ಕೆಂಪು ರೇಷ್ಮೆ ಹಾಗೇ ಇತ್ತು. ಹಿಂದಿನಿಂದ ಎತ್ತಿನ ಗಾಡಿಯ ಸದ್ದಾದರೂ ಇಬ್ಬರೂ ಹೊಲಕ್ಕೆ ಇಳಿದು ನಿಲ್ಲುತ್ತಿದ್ದೆವು. ನನಗೆ ಈಗ ಬೇರೆ ಹೆದರಿಕೆ ಹೊಕ್ಕಿತ್ತು. ಅತ್ತೆಯ ಮನೆಯಲ್ಲಿ ಇವಳು ನಡೆದದ್ದು ಹೇಳುತ್ತಾಳೆ. ಸೆರಗು ಬಿಡು ಎಂದವನು ಅಣ್ಣ, ಕತ್ತರಿ ಇಟ್ಟುಕೊಂಡು ಸುಮ್ಮನಿದ್ದವನು ಅಣ್ಣ. ಅದು ಅವ್ವನಿಗೆ ಮುಟ್ಟುತ್ತದೆ.

ಹೊಸ್ತಿಲಲ್ಲಿ ಅತ್ತೆ ಆರತಿ ಹಿಡಿದು ನಿಂತವರು ಮೋಟು ಸೆರಗು ನೋಡಿ ಗಾಬರಿಯಾದರು.

"ಇದೇನ ಇದು? ಹೊಸಾ ಸೀರಿಗೆ ಕತ್ತರಿ ಯಾರ ಹಚ್ಚಿದ್ರು?"

"ನಾನ ಹಚ್ಚೀನ್ರಿ ಅತ್ತಿ" ಎಂದಳು ತಂಗಿ. "ಗಾಲ್ಯಾಗ ಸಿಕ್ಕಿತ್ತು. ಸೆರಗು ಸಿಗಿಸ್ಕೊ, ಸಿಗಿಸ್ಕೊ ಅಂತ ಅಣ್ಣ ಹಾದಿತುಂಬ ಹೇಳಿದ. ನಾನ ಕೇಳ್ಲಿಲ್ಲ."

ಅತ್ತೆ ಬೈದರು. ಬುದ್ಧಿ ಇಲ್ಲ, ಉಡುವ ರೀತಿ ಗೊತ್ತಿಲ್ಲ, ತವರಿನವರ ಮಾತಿಗೂ ಕಿಮ್ಮತ್ತಿಲ್ಲ ಎಂದೆಲ್ಲ ಬೈದರು. ಅವಳು ತಲೆ ತಗ್ಗಿಸಿ ನಿಂತಿದ್ದಳು. ನಾನು ಕಟ್ಟೆಯ ಮೇಲೆ ಕೂತು, ಕೊಟ್ಟ ಚಹಾ ಕುಡಿದೆ. "ತಂಗೀಗೆ ಇಷ್ಟ ಕಾಳಜಿ ಮಾಡೋ ಅಣ್ಣ ಸಿಗಬೇಕಂದ್ರ ಪುಣ್ಯಾ ಮಾಡಿರಬೇಕು" ಎಂದು ಅತ್ತೆ ನನ್ನ ಕಡೆ ತಿರುಗಿ ಹೇಳಿದಾಗ, ಹೂಂ ಎಂದೆ.

ಮುಂದಿನ ಪಂಚಮಿಗೆ ಹೊಸ ಸೀರೆ ನೇಯ್ದೆ. ಬಸ್ಸಿನಲ್ಲೇ ಕರೆತಂದೆ, ಬಸ್ಸಿನಲ್ಲೇ ಬಿಡಲು ಹೊರಟೆ. ಸ್ಟ್ಯಾಂಡಿನಲ್ಲಿ ಬಸ್ಸು ಹತ್ತುವ ಮೊದಲು ತಂಗಿ ನಿಂತು, ಸೆರಗನ್ನು ಮುದುಡಿ ಟೊಂಕಕ್ಕೆ ಗಟ್ಟಿಯಾಗಿ ಸಿಗಿಸಿದಳು. ಆಮೇಲೆ ನನ್ನ ಮುಖ ನೋಡಿದಳು. ಅವಳು ಸಿಟ್ಟಿನಿಂದ ಕೇಳಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಅಂಜುತ್ತಾ ಕೇಳಿದಳು.

"ಹಿಂಗ ಸಿಗಸಲೇನೋ ಅಣ್ಣಾ? ಸೆರಗು ಕಾಣಂಗಿಲ್ಲ... ನಡೀತದಲ್ಲ?"